ಅಪ್ಪನಿಗೆ ಏರಿಸಿದ ಬಾಟಲಿ

ಶಿಯಾವ್‌ಗಾಂಗ್, ತೈತುಂಗ್
ನವೆಂಬರ್ ೧೯, ೨೦೧೧

ಪ್ರೀತಿಯ ಚಿಯುವಾನ್,

ಹೇಗಿದ್ದೀಯ? ಸಮುದ್ರದ ನೀರಿಗೆ ಬಿರಿದ ಬೆರಳುಗಳು ವಾಸಿಯಾದವೇ? ಹಡಗಿನ ಔಷಧಿ ಪೆಟ್ಟಿಗೆ ನಿನ್ನ ಸುಪರ್ದಿಯಲ್ಲೇ ಇದ್ದರೂ ನಿನ್ನ ಕೈಗೆ ನೀನು ಮುಲಾಮು ಹಚ್ಚಿಕೊಳ್ಳುವವನಲ್ಲ, ನನಗೆ ಗೊತ್ತು. ಹಡಗು ಪೋರ್ಟ್ ಲೂಯಿಸ್ ಮುಟ್ಟಿದಾಗ ಏಜೆಂಟ್ ಈ ಕಾಗದ ಕೊಡುತ್ತಾನೆ. ಅಪ್ಪ ಹೋದದ್ದನ್ನು ಕ್ಯಾಪ್ಟನ್ ನಿನಗೆ ತಿಳಿಸಿದರಂತೆ. ಹೇಗೆ ಹೋದರು ಎಂದು ಅವರಿಗೂ ಗೊತ್ತಿಲ್ಲ. ಅಮ್ಮ ಹೇಗೋ ಇದ್ದಾಳೆ. ಹೊತ್ತುಹೊತ್ತಿಗೆ ಗಂಜಿ ಕುಡಿಯುತ್ತಾಳೆ, ನನಗೂ ಬಡಿಸುತ್ತಾಳೆ. ನಾನು ಮತ್ತೆ ಆಸ್ಪತ್ರೆ ಕೆಲಸಕ್ಕೆ ಹೋಗುತ್ತಿದ್ದೇನೆ, ಸಿಕ್ಕಸಿಕ್ಕವರ ಮೇಲೆ ರೇಗುತ್ತಿದ್ದೇನೆ. ನರ್ಸುಗಳು ಪಾಪ ಸಹಿಸಿಕೊಂಡಿದ್ದಾರೆ.

ಆವತ್ತು ಅಪ್ಪ ಎಂದಿನಂತೆ ಮೀನಿನ ಹರಾಜಿಗೆ ಸ್ಕೂಟರಿನಲ್ಲಿ ಹೊರಟಿದ್ದರು. ತಿರುವಿನಲ್ಲಿ ಜಲ್ಲಿ ಲಾರಿ ಗುದ್ದಿ ಸೊಂಟದ ಮೂಳೆ ಪುಡಿಯಾಯಿತು, ಲಾರಿ ಹಳ್ಳಕ್ಕಿಳಿಯಿತು. ಅಪ್ಪನ ಮೈಮೇಲೆ ತರಚಿದ ಗಾಯ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ರಕ್ತವೆಲ್ಲ ಒಳಗೇ ಸೋರುತ್ತಿತ್ತು. ಆಸ್ಪತ್ರೆಯಲ್ಲಿದ್ದ ಡಾಕ್ಟರು ನಾನೊಬ್ಬಳೇ. ಸೊಂಟವನ್ನು ಬಟ್ಟೆಯಿಂದ ಬಿಗಿದು ಕಟ್ಟಿದೆ, ನಮ್ಮ ಫ್ರಿಜ್ಜಿನಲ್ಲಿದ್ದ ಚೂರುಪಾರು ರಕ್ತವನ್ನೆಲ್ಲ ಏರಿಸಿದೆ. ಬಿರುಗಾಳಿಗೆ ಹೆಲಿಕಾಪ್ಟರ್ ಏಳಲಿಲ್ಲ. ತೈತುಂಗ್ ಪೇಟೆಯಿಂದ ರಕ್ತ ಹೊತ್ತು ಹೊರಟ ಆಂಬುಲೆನ್ಸೇ ಅಪ್ಪನನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಬೇಕಿತ್ತು, ಅದು ಗುಡ್ಡ ಕುಸಿದ ರಸ್ತೆಯಲ್ಲಿ ಸಿಕ್ಕಿಕೊಂಡಿತ್ತು. ಅದು ಬರುವವರೆಗೆ ಅಪ್ಪನನ್ನು ಹಿಡಿದಿಟ್ಟುಕೊಳ್ಳಬೇಕು. ನನ್ನ ಹತ್ತಿರ ಉಳಿದಿದ್ದದ್ದು ಸಲೈನ್ ಮಾತ್ರ, ಅದಕ್ಕೇನೂ ಬರವಿರಲಿಲ್ಲ.

ಆದರೆ ಸಲೈನ್ ರಕ್ತವಲ್ಲ ಕಣೋ. ಸಾರಿಗೆ ನೀರು ಹೊಯ್ದರೆ ಪಾತ್ರೆ ತುಂಬುತ್ತದೆ, ಸಾರು ಕೆಡುತ್ತದೆ, ಅಷ್ಟೇ. ಒಳಗೆ ಹರಿದ ನಾಳದ ಬಾಯಿಗೆ ಆಗತಾನೆ ಹೆಪ್ಪುಗಟ್ಟಿದ ರಕ್ತವೇ ಬಿರಡೆ. ನೀರು ಸುರಿದು ಒತ್ತಡ ಏರಿಸಿದರೆ ಆ ಬಿರಡೆ ಕಿತ್ತುಬರುತ್ತದೆ, ತೆಳುವಾದ ರಕ್ತ ಮತ್ತೆ ಹೆಪ್ಪುಗಟ್ಟುವುದಿಲ್ಲ. ಅಪ್ಪ ಮಾತಾಡುತ್ತಿದ್ದರು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿತ್ತು. ಅಷ್ಟಿದ್ದರೆ ಸಾಕು, ಕಾಯಬಹುದು ಎಂದು ನಿರ್ಧರಿಸಿದೆ. ಸೂಜಿಯ ದಾರಿ ಮುಚ್ಚದಿರಲಿ ಎಂದು ಬಾಟಲಿಯನ್ನು ಹನಿಹನಿಯಾಗಿ ಬಿಟ್ಟೆ.

ನಮ್ಮೂರಿನವರಿಗೆ ಇದು ಅರ್ಥವಾಗುತ್ತದೆಯೇ? ಸುಸ್ತಾದರೆ ಬಾಟಲಿ, ಮಗಳ ಮದುವೆ ಓಡಾಟ ಮುಗಿದರೆ ಬಾಟಲಿ. ಅಮ್ಮನಂತೂ ಹಬ್ಬದ ಅಡುಗೆ ಮುಗಿಸಿ ಕ್ಲಿನಿಕ್ಕಿಗೆ ಹೋಗಿ ಏರಿಸಿಕೊಂಡು ಬಂದರೇ ನೆಟ್ಟಗೆ ನಿಲ್ಲುವುದು. ಚಿಕ್ಕಪ್ಪ ಬಾಗಿಲಲ್ಲೇ ಶುರುಮಾಡಿದರು, ದೊಡ್ಡ ಬಾಟಲಿ ಯಾಕೆ ಹಾಕಿಲ್ಲ, ಆಸೆ ಬಿಟ್ಟಿದ್ದೀಯಾ ಎಂದು. ಅಮ್ಮ ಹಾಸಿಗೆ ಪಕ್ಕದ ಸ್ಟೂಲಿನಲ್ಲಿ ಕೂತು, "ಊರೋರಿಗೆಲ್ಲ ಧಾರಾಳ, ಹೆತ್ತಪ್ಪಂಗೆ ಮಾತ್ರ ತೊಟ್ಟುತೊಟ್ಟು" ಅಂದಳು. ಅಪ್ಪನಿಗೆ ಆ ನೋವಿನಲ್ಲೂ ತಮಾಷೆ. "ಡಾಕ್ಟರಮ್ಮ ಉಳಿತಾಯ ಮಾಡ್ತಿದಾಳೆ, ಬಿಡೇ" ಅಂದರು. ಅವರಾಡಿದ ಕೊನೆಯ ಪೂರ್ತಿ ಮಾತು ಅದೇ. ಮುಟ್ಟಬೇಡಿ, ಇದೇ ಸರಿ ಎಂದು ಗದರಿದೆನೇ ಹೊರತು, ಯಾಕೆ ಎಂದು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಆಂಬುಲೆನ್ಸ್ ಡ್ರೈವರನ ಫೋನು ಬಂತೆಂದು ಹೊರಗೆ ಹೋದೆ. ನರ್ಸ್ ಪಕ್ಕದ ಮಂಚದಲ್ಲಿ ಲಾರಿಯವನ ಕೈಗೆ ಪಟ್ಟಿ ಕಟ್ಟುತ್ತಿದ್ದಳು. ನಾನು ಮರಳಿದಾಗ ಅಪ್ಪನ ಕೆನ್ನೆಗೆ ರಂಗು ಬಂದಿತ್ತು, ಒತ್ತಡ ಏರಿತ್ತು, ಚಿಕ್ಕಪ್ಪ ನಗುತ್ತಿದ್ದರು. ಮೇಲೆ ನೋಡಿದರೆ ಬಾಟಲಿ ಖಾಲಿ. ಹನಿಯನ್ನು ತಡೆಹಿಡಿಯುವ ನಳಿಕೆಯ ಚಕ್ರವನ್ನು ಯಾರೋ ಪೂರ್ತಿ ಬಿಟ್ಟಿದ್ದರು. ಯಾರು ಎಂದು ಕೇಳಲು ಪುರಸೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬತೊಡಗಿತು, ಮಾತು ತೊದಲಿತು, ಆಮೇಲೆ ಅದೂ ನಿಂತಿತು. ಉಸಿರಿಗೆ ಕೊಳವೆ ಇಳಿಸಿದೆ. ಕೊನೆಗೂ ಆಂಬುಲೆನ್ಸ್ ಬಂತು. ಅದು ತಂದ ರಕ್ತವನ್ನೆಲ್ಲ ಏರಿಸಿದೆವು, ಏರಿಸಿದ್ದೆಲ್ಲ ಒಳಗೇ ಸೋರಿತು. ಇನ್ನು ಪೇಟೆಯವರೆಗೆ ತಡೆಯುವುದಿಲ್ಲವೆಂದು ನಾನೇ ಹೇಳಬೇಕಾಯಿತು. ಚಿಕ್ಕಪ್ಪ, "ಉಸಿರಿರೋವಾಗ್ಲೇ ಮನೆ ಸೇರ್ಸೋಣಮ್ಮ, ಕೊನೆಯುಸಿರು ಮನೇಲೇ ಹೋಗ್ಬೇಕು" ಅಂದರು.

ದಾರಿಯುದ್ದಕ್ಕೂ ಉಸಿರಿನ ಚೀಲ ಒತ್ತಿದವಳು ನಾನೇ. ಸೇತುವೆ ಬಂದಾಗಲೆಲ್ಲ, ಜೀವ ದಾರಿ ತಪ್ಪಿ ಹಿಂದುಳಿಯದಿರಲಿ ಎಂದು ಅಮ್ಮ ಬಗ್ಗಿ ಅಪ್ಪನ ಕಿವಿಯಲ್ಲಿ, "ಸೇತುವೆ ದಾಟ್ತಿದೀವಿ ಕಣ್ರಿ, ಜೊತೇಲೇ ಬನ್ನಿ" ಅನ್ನುತ್ತಿದ್ದಳು. ನಡುಮನೆಯಲ್ಲಿ ಮಲಗಿಸಿ, ಮನೆ ಬಂತು ಅಪ್ಪಾ ಎಂದು ಹೇಳಿ ಕೊಳವೆ ತೆಗೆದೆ. ನೀನು ಇರಬೇಕಿತ್ತು. ನನಗೆ ತುಂಬ ಸಂಕಟವಾಗುತ್ತಿದೆ ಚಿಯುವಾನ್, ಇದನ್ನು ಇನ್ಯಾರ ಹತ್ತಿರ ಹೇಳಲಿ?

ಚಿಕ್ಕಪ್ಪ ನಿನ್ನನ್ನು ಕೇಳಿದ್ದಾರೆ. ಗುತ್ತಿಗೆ ಮುಗಿಯುವ ಮೊದಲು ಬಿಟ್ಟು ಬರಬೇಡ, ಅಪ್ಪನಿಗೆ ದಿನಾ ಧೂಪ ಹಚ್ಚುವುದನ್ನು ನಾನು ನೋಡಿಕೊಳ್ಳುತ್ತೇನೆ. ಕಡಲು ಕಾಯುವ ಮಾಜು ತಾಯಿ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಪೇಯ್‌ಶಾನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಚಕ್ರ ತಿರುಗಿಸಿದ್ದು ಅಮ್ಮ. ಮಣ್ಣು ಮಾಡಿ ಬಂದ ದಿನ ನನ್ನ ಕೈ ಹಿಡಿದುಕೊಂಡು ಅವಳೇ ಹೇಳಿದಳು: "ನೀನು ಬೈತೀಯ ಅಂತ ಸುಮ್ನಿದ್ದೆ. ನಾನೇ ಬಾಟ್ಲಿ ಬಿಟ್ಟಿದ್ದು. ಆ ಶಕ್ತಿ ಇಲ್ದಿದ್ರೆ ನಿಮ್ಮಪ್ಪ ಮನೆವರೆಗೂ ಉಸಿರು ಹಿಡ್ಕೊಂಡಿರ್ತಿದ್ರಾ?" ಅವಳು ಬಿಡದಿದ್ದರೆ ಅಪ್ಪ ಉಳಿಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ನೀನು ಫೋನು ಮಾಡಿದ ಕೂಡಲೇ ಅವಳು ಇದನ್ನೇ ಹೇಳುತ್ತಾಳೆ, ಹೇಳಲೆಂದೇ ಕಾಯುತ್ತಿದ್ದಾಳೆ. ಒಳ್ಳೇ ಕೆಲಸ ಮಾಡಿದೆ ಅಮ್ಮಾ ಅನ್ನು. ನಾನೂ ಹಾಗೇ ಅಂದಿದ್ದೇನೆ.