ದೊಡ್ಡೋರು ಎಂದರೆ ಯಾರೆಂದು ಕೇಳದವರಿಗೆ

ಮಾನ್ಯ ಗಣಿ ಅನುಮತಿ ಅಧಿಕಾರಿಗಳೇ,

ನಮ್ಮ ಗುಡ್ಡದಲ್ಲಿ ಆನೆಗಳೇ ಇಲ್ಲವೆಂದು ಹೇಳುವ, ತಾವು ಕಣ್ಣಿಗೊತ್ತಿಕೊಂಡು ಒಪ್ಪಿರುವ ವನ್ಯಜೀವಿ ಸಮೀಕ್ಷೆ ಸುಳ್ಳು. ಆ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಿರುವುದು ನನ್ನ ಅತ್ತೆಯವರನ್ನು. ಅವರೀಗ ಸೊಂಟದ ಮೂಳೆ ಮುರಿದು ನಡುಮನೆಯಲ್ಲಿ ಮಲಗಿದ್ದಾರೆ. ಮನೆಗೆ ನುಗ್ಗಿದ್ದು, ತಮ್ಮ ವರದಿಯ ಪ್ರಕಾರ ಇಲ್ಲದ ಆನೆ.

ಮೊದಲು ಆ ಸಮೀಕ್ಷೆಯ ಚಂದ ಕೇಳಿ. ನಾನು ದರ್ಜಿ. ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ನನ್ನ ಕಣ್ಣು ತಪ್ಪುವುದಿಲ್ಲ. ಗಣಿ ಕಂಪನಿ ನೇಮಿಸಿದ ಸಮೀಕ್ಷೆಯ ತಂಡ ಜೀಪಿನಲ್ಲಿ ಹಾರ್ನ್ ಹೊಡೆಯುತ್ತ ಗುಡ್ಡ ಹತ್ತಿತು, ಊಟದ ಹೊತ್ತಿಗೆ ಇಳಿಯಿತು. ಅದೂ ಮಳೆಗಾಲದಲ್ಲಿ, ಹಿಂಡು ಗುಡ್ಡದ ಆಚೆ ಬದಿಗೆ ಹೋಗಿರುವಾಗ. ಹಾರ್ನ್ ಕೇಳಿದೊಡನೆ ಸಾಲಾಗಿ ನಿಂತು ಹಾಜರಿ ಹೇಳಲು ಅವೇನು ಶಾಲೆಯ ಮಕ್ಕಳೇ? ಲದ್ದಿ, ಹೆಜ್ಜೆ ಗುರುತು, ಮೈ ಉಜ್ಜಿದ ಮರ, ಯಾವುದನ್ನೂ ಹುಡುಕಿದ್ದಾಗಿ ವರದಿಯೂ ಹೇಳುವುದಿಲ್ಲ.

ಆಮೇಲೆ ಮನೆಮನೆಗೆ ಬಂದು ವಿಚಾರಿಸಿದರು. ನಮ್ಮಲ್ಲಿಗೆ ಬಂದ ಹುಡುಗಿ ಒಳ್ಳೆಯವಳೇ. ಅತ್ತೆಯ ಪಕ್ಕದಲ್ಲಿ ಕುಳಿತು, ಇಲ್ಲಿ ಆನೆ ಬರುತ್ತದೆಯೇ ಎಂದು ಕೇಳಿದಳು. ಅತ್ತೆ ಗಾಬರಿಯಿಂದ ಕೈ ಆಡಿಸಿದರು.

"ಅದೆಲ್ಲ ಇಲ್ಲಮ್ಮ, ಬಿಡು. ಬೇಸಿಗೇಲಿ ದೊಡ್ಡೋರು ಬರ್ತಾರೆ. ಮಕ್ಕಳು ಮರಿ ಕಟ್ಕೊಂಡು ಕೆರೆಗೆ ಹೋಗ್ತಾರೆ, ನೀರು ಕುಡಿದು ತಮ್ಮ ಪಾಡಿಗೆ ತಾವು ವಾಪಸ್ ಹೋಗ್ತಾರೆ. ನಾವು ದಾರಿ ಬಿಟ್ಟು ನಿಂತ್ಕೋತೀವಿ."

ಗುಡ್ಡದ ಅಂಚಿನಲ್ಲಿರುವ ನಾವು ಆ ಪ್ರಾಣಿಯ ಹೆಸರು ಎತ್ತುವುದಿಲ್ಲ. ಎತ್ತಿದರೆ ಕರೆದಂತಾಗುತ್ತದೆಂಬ ಅಳುಕು. ದೊಡ್ಡೋರು ಎನ್ನುತ್ತೇವೆ, ಮಾತಿನಲ್ಲೂ ಬಹುವಚನದ ಮರ್ಯಾದೆಯನ್ನೇ ಕೊಡುತ್ತೇವೆ. ಈ ಪತ್ರದಲ್ಲಿ ಹೆಸರು ಎತ್ತಿದ್ದೇಕೆಂದು ಮುಂದೆ ಹೇಳುತ್ತೇನೆ. ಪರಊರಿನ ಹುಡುಗಿಗೆ ಇದು ತಿಳಿಯದಿದ್ದರೆ ಅವಳ ತಪ್ಪಲ್ಲ. ಆದರೆ ಅವಳು ಬರೆದದ್ದನ್ನು ಅವಳ ಮೇಲಿನವರು, ಅವರ ಮೇಲಿನವರು, ಕೊನೆಗೆ ತಾವು ಓದಿದಿರಲ್ಲ? ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? 'ಇಲ್ಲ' ಎಂಬ ಮಾತು ವನ್ಯಜೀವಿಗಳ ಅಧ್ಯಾಯ ಸೇರಿತು. ಉಳಿದದ್ದು ಜನಜೀವನದ ಅಧ್ಯಾಯಕ್ಕೆ ಹೋಯಿತು: 'ಬೇಸಿಗೆಯಲ್ಲಿ ಸ್ಥಳೀಯ ಹಿರಿಯರು ಕುಟುಂಬ ಸಮೇತ ಕೆರೆಗೆ ಭೇಟಿ ನೀಡುತ್ತಾರೆ. ಅವರ ಅನುಕೂಲಕ್ಕಾಗಿ ಕಲ್ಲುಬೆಂಚುಗಳನ್ನು ಹಾಕಲಾಗುವುದು.'

ಮಾನ್ಯರೇ, ಬೆಂಚು ಹಾಕಿದ್ದಾರೆ. ಕೆರೆಯ ದಾರಿಗೆ ಅಡ್ಡಲಾಗಿ ಕಂಪನಿಯ ತಂತಿಬೇಲಿ, ಬೇಲಿಯ ಈಚೆ ಬೆಂಚು. ಆನೆ ಕೂರುವ ಬೆಂಚಿಗೆ ಅಳತೆ ಕೊಟ್ಟ ಎಂಜಿನಿಯರು ಯಾರೋ ಕಾಣೆ. ಊರಿಗೆ ಊರೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಗು ನಿಂತದ್ದು ಕಂಪನಿಯವರು ಪರೀಕ್ಷೆಗೆಂದು ಬಂಡೆ ಸಿಡಿಸಿದ ದಿನ.

ಬೇಸಿಗೆಯ ಮಟಮಟ ಮಧ್ಯಾಹ್ನ. ಸದ್ದಿಗೆ ಬೆದರಿದ ಹಿಂಡು ಕೆರೆಯ ಕಡೆ ಓಡಿತು, ಬೇಲಿ ಅಡ್ಡ ಬಂತು, ತಿರುಗಿ ನಮ್ಮ ಬೀದಿಗೆ ನುಗ್ಗಿತು. ಗೋಡೆಗಳ ನಡುವೆ ಸಿಕ್ಕಿಕೊಂಡ ಮರಿಯೊಂದು ಅರಚುತ್ತಿತ್ತು. ಅದರ ತಾಯಿ ಬಾಗಿಲು ಯಾವುದು, ದಾರಿ ಯಾವುದು ಎಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಬಾಗಿಲು ಚೌಕಟ್ಟಿನ ಸಮೇತ ಅತ್ತೆಯ ಮೇಲೆ ಬಿತ್ತು. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ನನಗಿರುವುದು ಭಯ. ಯಂತ್ರದ ಸದ್ದಿಗೂ ಅತ್ತೆ ಬೆಚ್ಚಿಬೀಳುತ್ತಾರೆಂದು ಹೊಲಿಗೆಯನ್ನೇ ನಿಲ್ಲಿಸಿದ್ದೇನೆ.

ದೂರು ಕೊಡಲು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುವಿ ಬಹಳ ಸಮಾಧಾನದಿಂದ ಹೇಳಿದರು: "ನಿಮ್ಮ ಅತ್ತೇನೇ ಇಲ್ಲ ಅಂದಿದಾರಲ್ಲಮ್ಮ. ಈಗ ಮಾತು ಬದಲಾಯಿಸಿದ್ರೆ ಹೇಗೆ?"

ಮೂಳೆ ಮುರಿದಾಗಲೂ ಅತ್ತೆ ಇಷ್ಟು ಕುಸಿದಿರಲಿಲ್ಲ. ನಾನು ಮನೆಗೆ ಬಂದು ಈ ಮಾತು ಹೇಳಿದಾಗ ಗೋಡೆಯ ಕಡೆ ಮುಖ ಮಾಡಿಕೊಂಡರು. ತಮ್ಮ ಬಾಯಿಂದಲೇ ಊರಿಗೆ ಹೀಗಾಯಿತೆಂದು ಕೊರಗಿದರು, ಊಟ ಬೇಡವೆಂದರು. ಕೊನೆಗೆ, ಹುಟ್ಟಿದಾಗಿನಿಂದ ಎತ್ತದ ಹೆಸರನ್ನು ಎತ್ತಿದರು.

"ಆನೆ ಅಂತಾನೇ ಬರಿ ಕಣೇ. ಹೆಸರು ಹೇಳ್ದೆ ಇದ್ದು ಏನು ಉಳಿಸ್ಕೊಂಡ್ವಿ?"

ಕಣ್ಣೊರೆಸಿಕೊಂಡು, ಅವರು ಹೇಳಿದಂತೆಯೇ ಈ ಪತ್ರದಲ್ಲಿ ಹೆಸರು ಎತ್ತಿ ಬರೆದಿದ್ದೇನೆ.

ಬರುವ ಸೋಮವಾರ ಇನ್ನೂ ದೊಡ್ಡ ಸ್ಫೋಟವಂತೆ. ಎಲ್ಲರೂ ಮನೆಯೊಳಗೇ ಇರಿ ಎಂದು ಮೈಕಿನಲ್ಲಿ ಕೂಗಿ ಹೋಗಿದ್ದಾರೆ. ಅದನ್ನು ನಿಲ್ಲಿಸಿ. ಬೇಲಿ ಕೀಳಿಸಿ, ಕೆರೆಯ ದಾರಿ ಬಿಡಿಸಿ. ಕಂಪನಿಯ ಸಂಬಳ ತಿನ್ನದವರಿಂದ ಬೇಸಿಗೆ, ಮಳೆಗಾಲ ಎರಡರಲ್ಲೂ ಸಮೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಅನುಮತಿ ತಡೆಹಿಡಿಯಿರಿ. ಅತ್ತೆಯನ್ನು ಅಲುಗಿಸಲೇಬಾರದೆಂದು ವೈದ್ಯರು ಹೇಳಿದ್ದಾರೆ. ಹೆದರಿ ಬೀದಿಯವರೆಲ್ಲ ಊರು ಬಿಟ್ಟರೂ ನಾನು ಅವರನ್ನು ಬಿಟ್ಟು ಕದಲುವುದಿಲ್ಲ. ಇದ್ಯಾವುದೂ ಆಗದೆಂದಾದರೆ ಸೋಮವಾರ ಬೆಳಿಗ್ಗೆ ತಾವೇ ಬಂದು ನಮ್ಮಿಬ್ಬರ ಜೊತೆ ನಡುಮನೆಯಲ್ಲಿ ಕುಳಿತುಕೊಳ್ಳಿ. ಬಾಗಿಲು ತಟ್ಟುವ ತೊಂದರೆ ತಮಗಿಲ್ಲ. ಅಲ್ಲಿ ಈಗ ಒಂದು ದುಪ್ಪಟಿ ಕಟ್ಟಿದ್ದೇನೆ.

ಇಂತಿ,
ವರದಿಯಂತೆ ಯಾವ ಅಪಾಯವೂ ಇಲ್ಲದ ಬೀದಿಯಲ್ಲಿ
ಸೋಮವಾರವನ್ನು ಕಾಯುತ್ತಿರುವ ದರ್ಜಿ