ನಮ್ಮ ಲಾಂಡ್ರಿಯಲ್ಲಿ ಯಾರಿಗೂ ಎದೆ ನೋಯುವುದಿಲ್ಲ

ಮಾನ್ಯ ಉದ್ಯೋಗಿ ಕ್ಷೇಮಾಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಅತ್ತಿಗೆಯನ್ನು ಸುಳ್ಳುಗಾರ್ತಿ ಎಂದು ಕರೆದಿದೆ. ಪದ ಅದಲ್ಲ, ಒಪ್ಪುತ್ತೇನೆ. ನೋಟೀಸಿನಲ್ಲಿರುವುದು 'ದೂರವೈದ್ಯ ಸೇವೆಗೆ ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ನೀಡಿಕೆ' ಎಂಬ ಇಸ್ತ್ರಿ ಮಾಡಿದ ಮಾತು. ಇಸ್ತ್ರಿಯೇ ನನ್ನ ಕಸುಬಾದ್ದರಿಂದ ಒಳಗಿನ ಸುಕ್ಕು ನನಗೆ ಬೇಗ ಕಾಣುತ್ತದೆ. ಹೃದಯಾಘಾತವಾಗಿ ಹೇಗೋ ಬದುಕಿ ಬಂದ ಹೆಂಗಸಿಗೆ, ಆಕೆ ಆಸ್ಪತ್ರೆಯಿಂದ ಮನೆ ಸೇರಿದ ವಾರದೊಳಗೆ ನೀವು ಕಳಿಸಿದ ಕುಶಲೋಪರಿ ಇದು. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಕೆಲಸದಿಂದ ತೆಗೆಯಲಾಗುವುದೆಂದು ಕೊನೆಯಲ್ಲಿ ಸೇರಿಸಲೂ ಮರೆತಿಲ್ಲ.

ಇದನ್ನು ನೇರವಾಗಿ ನಮಗೇ ಬರೆಯಬಹುದಿತ್ತಲ್ಲ, ಪತ್ರಿಕೆಗೇಕೆ ಎಂದು ನೀವು ಕೇಳಬಹುದು. ಬರೆದಿದ್ದೆ. 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂಬ ಉತ್ತರ ನಾನು ಫೋನ್ ಕೆಳಗಿಡುವಷ್ಟರಲ್ಲೇ ಬಂತು. ಅಷ್ಟು ಅಮೂಲ್ಯವಾದದ್ದನ್ನು ಓದಿ ಹಾಳು ಮಾಡುವುದೇಕೆ ಎಂದು ನಿಮಗೆ ಅನಿಸಿರಬೇಕು. ಹಾಗಾಗಿ ಊರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಬೇಕು. ನಮ್ಮದು ದೊಡ್ಡ ಲಾಂಡ್ರಿ. ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳು ಲಾರಿಗಟ್ಟಲೆ ಬಂದು ಬೀಳುತ್ತವೆ; ನಾವು ಒಗೆದು, ಹಿಂಡಿ, ಇಸ್ತ್ರಿ ಹಾಕಿ ಮಡಚಿ ಕಳಿಸುತ್ತೇವೆ. ಮೊದಲು ಕ್ಯಾಂಟೀನಿನ ಪಕ್ಕ ಒಂದು ಸಿಸ್ಟರ್ ಕೋಣೆ ಇತ್ತು. ಒಂದು ಮಂಚ, ಬಿಪಿ ನೋಡುವ ಯಂತ್ರ, ಬಿಸಿನೀರಿನ ಕೆಟಲ್ ಮತ್ತು ಸಿಸ್ಟರ್. ಆ ಮಹಾತಾಯಿಯ ಬಾಯಿಗೆ ನಾವೆಲ್ಲ ಹೆದರುತ್ತಿದ್ದೆವು. ಬಾಗಿಲ ಮುಂದೆ ಹಾದುಹೋಗುವವರನ್ನೇ ತಡೆದು, "ಏನ್ರೀ, ಮುಖ ಹೀಗೆ ಬಿಳಿಚಿಕೊಂಡಿದೆ? ಬನ್ನಿ ಒಳಗೆ, ಕೂತ್ಕೊಳ್ಳಿ, ಮಾತಾಡಬೇಡಿ" ಎಂದು ತೋಳಿಗೆ ಪಟ್ಟಿ ಸುತ್ತಿಬಿಡುತ್ತಿದ್ದರು. ಅವರಿಗೆ ಸುಳ್ಳು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೇಳಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅವರು ನಮ್ಮ ಮಾತು ಕೇಳುವ ಮೊದಲೇ ಮಣಿಕಟ್ಟು ಹಿಡಿದಿರುತ್ತಿದ್ದರು.

ನೀವು ಬಂದಿರಿ, ಸಿಸ್ಟರ್ ಹೋದರು. ಅದೇ ಜಾಗದಲ್ಲಿ ಗಾಜಿನ ಪೆಟ್ಟಿಗೆಯೊಂದು ನಿಂತಿತು. ಒಳಗೊಂದು ಸ್ಟೂಲು, ಗೋಡೆಗೆ ದೂರದ ವೈದ್ಯರು ಮೂಡಿ ಮಾತಾಡುವ ವಿಡಿಯೋ ಪರದೆ, ಹೊರಗೆ 'ಆರೋಗ್ಯ ಕುಟೀರ' ಎಂಬ ಫಲಕ. ಉದ್ಘಾಟನೆಯ ದಿನ ನೀವು ರಿಬ್ಬನ್ ಕತ್ತರಿಸಿ, "ಇನ್ನು ಮುಂದೆ ವೈದ್ಯರು ನಿಮ್ಮ ಬೆರಳ ತುದಿಯಲ್ಲೇ ಇರುತ್ತಾರೆ" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು, ಬೆರಳ ತುದಿಯಲ್ಲಿದ್ದ ಬೊಬ್ಬೆಗಳು ನೋಯದ ಹಾಗೆ, ಮೆಲ್ಲಗೆ.

ನಾನು ಯಂತ್ರ ಕಂಡರೆ ಉರಿದುಬೀಳುವವಳಲ್ಲ. ನನ್ನ ಮಗಳ ಕೆಮ್ಮಿಗೆ ಇದೇ ಪರದೆಯಿಂದ ಔಷಧಿ ಬರೆಸಿಕೊಂಡಿದ್ದೇನೆ, ವಾಸಿಯೂ ಆಗಿದೆ. ಆಚೆ ತುದಿಯ ವೈದ್ಯರ ಮೇಲೂ ನನಗೆ ದ್ವೇಷವಿಲ್ಲ. ಪಾಪ, ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ. ಒಗೆಯುವ ವಿಭಾಗದವನೊಬ್ಬ ಕೈ ತುಂಬ ತುರಿಕೆ ಎಂದು ಹೋದರೆ, ಮನೆಯಲ್ಲಿ ಬಟ್ಟೆ ಒಗೆಯುವ ಸೋಪು ಬದಲಾಯಿಸಿ ಎಂದರು. ನನಗೆ ನೆಗಡಿಯಾದಾಗ ದಿನಕ್ಕೆರಡು ಸಲ ಹಬೆ ತೆಗೆದುಕೊಳ್ಳಿ ಎಂದರು. ಡಾಕ್ಟ್ರೇ, ನಾನು ದಿನವಿಡೀ ನಿಂತಿರುವುದೇ ಹಬೆಯಲ್ಲಿ ಎನ್ನುವಷ್ಟರಲ್ಲಿ ಪರದೆಯ ಮೇಲೆ ನಕ್ಷತ್ರಗಳು ಮೂಡಿ, ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದವು. ಇದಿಷ್ಟೇ ಆಗಿದ್ದರೆ ಊಟದ ಬಿಡುವಿನಲ್ಲಿ ನಕ್ಕು ಮರೆಯುತ್ತಿದ್ದೆವು.

ಆದರೆ ನಿಮ್ಮ ಅಕ್ಕರೆ ಅಲ್ಲಿಗೆ ನಿಲ್ಲಲಿಲ್ಲ. ಪರದೆಯ ಮುಂದೆ ಕೂತವರು ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ, ಈ ಮೂರರಲ್ಲಿ ಯಾವ ಮಾತನ್ನು ಆಡಿದರೂ ಕರೆ ಅಲ್ಲಿಗೇ ಮುಗಿಯುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ಕೆಂಪು ಅಕ್ಷರ ಬರುತ್ತದೆ. ಅದು ಸರಿಯೇ. ಅದರ ಹಿಂದೆಯೇ ಸೂಪರ್‌ವೈಸರ್ ಫೋನಿಗೆ 'ಕೆಲಸಕ್ಕೆ ಅನರ್ಹ' ಎಂಬ ಸಂದೇಶ ಹೋಗುತ್ತದೆ, ಗೇಟ್ ಪಾಸ್ ನಿಂತುಹೋಗುತ್ತದೆ. ಹೊರಗಿನ ವೈದ್ಯರಿಂದ ಅರ್ಹತಾ ಪತ್ರ ತರುವ ತನಕ ಒಳಗೆ ಕಾಲಿಡುವಂತಿಲ್ಲ, ಅಷ್ಟೂ ದಿನ ಸಂಬಳವಿಲ್ಲ. ಆ ಪತ್ರವನ್ನು ಕುಟೀರದ ವೈದ್ಯರೇ ಕೊಡಬಾರದೇ ಎಂದು ಕೇಳಿದ್ದಕ್ಕೆ ನಿಮ್ಮವರು ಏನೆಂದರು ನೆನಪಿದೆಯೇ? ರೋಗಿಯನ್ನು ಮುಟ್ಟಿ ಪರೀಕ್ಷಿಸದೆ ಅರ್ಹತಾ ಪತ್ರ ಕೊಡುವುದು ನಿಯಮಬಾಹಿರವಂತೆ. ಮುಟ್ಟದೆ ಮದ್ದು ಕೊಡಬಹುದು, ಮುಟ್ಟದೆ ಮನೆಗೂ ಕಳಿಸಬಹುದು, ಮರಳಿ ಒಳಗೆ ಬಿಡುವುದಕ್ಕೆ ಮಾತ್ರ ಮುಟ್ಟಲೇಬೇಕು!

ಇದರ ಫಲವಾಗಿ ನಮ್ಮ ಲಾಂಡ್ರಿಯಲ್ಲಿ ಒಂದು ಹೊಸ ಭಾಷೆ ಹುಟ್ಟಿತು. ಉಸಿರು ಕಟ್ಟಿದರೆ ಮೂಗು ಕಟ್ಟಿದೆ ಎನ್ನಬೇಕು. ತಲೆ ಸುತ್ತಿದರೆ ನಿದ್ದೆ ಸಾಲದು ಎನ್ನಬೇಕು. ಎದೆ ಎಂಬ ಅಂಗವನ್ನಂತೂ ನಾವು ಪೂರ್ತಿ ಕೈಬಿಟ್ಟೆವು. ಅಲ್ಲಿ ಏನೇ ಆದರೂ ಅದು ಭುಜ. ಹೊಸಬರು ಸೇರಿದ ದಿನವೇ ಹಳಬರು ಯಂತ್ರ ನಿಲ್ಲಿಸುವ ಗುಂಡಿ ತೋರಿಸುತ್ತಾರೆ, ಕೈ ಎಲ್ಲಿ ಇಡಬಾರದೆಂದು ಹೇಳುತ್ತಾರೆ, ಆಮೇಲೆ ಇದನ್ನೂ ಹೇಳಿಕೊಡುತ್ತಾರೆ. ನಿಮ್ಮ ವಾರ್ಷಿಕ ವರದಿಯಲ್ಲಿ ಉದ್ಯೋಗಿಗಳ ಹೃದಯಸಂಬಂಧಿ ದೂರುಗಳು ಸಂಪೂರ್ಣ ನಿಂತಿವೆ ಎಂದು ಬೆನ್ನು ತಟ್ಟಿಕೊಂಡಿದ್ದೀರಲ್ಲ, ಆ ಸಾಧನೆಯ ಗುಟ್ಟು ಇಷ್ಟೇ. ಅದೇ ವರದಿಯಲ್ಲಿ ಭುಜದ ನೋವು ಯದ್ವಾತದ್ವಾ ಏರಿದೆ ಎಂದೂ ಇದೆ. ಆ ಎರಡು ಸಾಲುಗಳನ್ನು ಒಟ್ಟಿಗೆ ಓದುವವರು ನಿಮ್ಮ ಕಚೇರಿಯಲ್ಲಿ ಒಬ್ಬರೂ ಇಲ್ಲವೇ?

ಈಗ ಅತ್ತಿಗೆಯ ವಿಷಯ. ಅವರು ನನ್ನ ಅಣ್ಣನ ಹೆಂಡತಿ, ನನ್ನ ಜೋಡಿ ಕೆಲಸಗಾರ್ತಿ. ಒದ್ದೆ ಶೀಟಿನ ಒಂದು ಮೂಲೆ ಅವರು, ಇನ್ನೊಂದು ಮೂಲೆ ನಾನು ಹಿಡಿದು, ಬಿಗಿಯಾಗಿ ಎಳೆದು, ಬಿಸಿ ರೋಲರ್‌ಗೆ ಕೊಡುತ್ತೇವೆ. ಒಂದು ದಿನ ಚಹಾದ ಹೊತ್ತಿಗೆ ಅವರು ಕುಟೀರದಿಂದ ಬಂದು ನಗುತ್ತ ಕೂತರು.

"ಏನಂದ್ರು ಅತ್ತಿಗೆ?"

"ಎಲ್ಲಿ ನೋವು ಅಂದ್ರು, ಭುಜ ಅಂದೆ. ಎಡಗಡೆನಾ ಬಲಗಡೆನಾ ಅಂದ್ರು. ಯಾಕೆ ಬೇಕು ರಗಳೆ ಅಂತ ಎರಡೂ ಕಡೆ ಅಂದೆ. ಏನು ಕೆಲಸ ಅಂದ್ರು, ಬಟ್ಟೆ ಎಳೆಯೋದು ಅಂದೆ. ಆಯ್ತಲ್ಲ, ಮುಲಾಮು ಬಂತು!"

"ನಿಜವಾಗ್ಲೂ ಭುಜನೇನಾ?"

"ಮತ್ತಿನ್ನೇನು? ನಿನಗೂ ಡಾಕ್ಟ್ರಿಕೆ ಶುರುವಾಯ್ತಾ? ಚಹಾ ಆರುತ್ತೆ, ಕುಡಿ."

ನನಗೂ ಭುಜ ಎಂದೇ ಹೇಳಿದರು. ಅಣ್ಣನಿಗೂ ಅದನ್ನೇ ಹೇಳಿದ್ದರು. ಅವನು ದಿನಾ ಸಂಜೆ ಕೂತು ಅವರ ಭುಜಕ್ಕೆ ಮುಲಾಮು ತಿಕ್ಕಿದ. ನಿಮ್ಮ ಪರದೆಗೆಂದು ಕಲಿತ ಮಾತು ನಮ್ಮ ಬಾಯಿಗೇ ಅಂಟಿಕೊಂಡು ಮನೆಯೊಳಗೂ ಬಂದುಬಿಟ್ಟಿತ್ತು.

ಅದಾದ ಕೆಲವೇ ದಿನಕ್ಕೆ, ಕೆಲಸದ ನಡುವೆ ಶೀಟು ನನ್ನ ಕೈಯಲ್ಲಿ ಸಡಿಲವಾಯಿತು. ಅದು ಸೊಟ್ಟಗೆ ಒಳಗೆ ಹೋಗತೊಡಗಿದ್ದು ಕಂಡು, "ಅತ್ತಿಗೆ, ನಿದ್ದೆನಾ?" ಎಂದು ಕೂಗಿದೆ. ಅವರು ನೆಲದ ಮೇಲೆ ಕೂತಿದ್ದರು. ಮುಖವೆಲ್ಲ ಬೆವರು. ಮೂಲೆಯನ್ನು ಆಗಲೂ ಮುಷ್ಟಿಯಲ್ಲಿ ಹಿಡಿದಿದ್ದರು, ಮತ್ತು ರೋಲರ್ ಅದನ್ನು ಎಳೆದುಕೊಳ್ಳುತ್ತಲೇ ಇತ್ತು. ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಬಗ್ಗಿ, "ಎಲ್ಲಿ ನೋವಮ್ಮ?" ಎಂದು ಕೇಳಿದರು. ಅತ್ತಿಗೆ ಅವರ ಮುಖ ನೋಡಲಿಲ್ಲ, ನನ್ನ ಸಮವಸ್ತ್ರದ ಮೇಲಿದ್ದ ಸಂಸ್ಥೆಯ ಗುರುತನ್ನು ನೋಡಿದರು. "ಭುಜ" ಎಂದರು. ಜೀವ ಹೋಗುತ್ತಿದ್ದಾಗಲೂ, ಮಾನ್ಯರೇ, ಅವರಿಗೆ ನಿಮ್ಮ ಗೇಟಿನದೇ ಭಯ.

"ಅತ್ತಿಗೆ, ಇದು ಆಸ್ಪತ್ರೆ. ಇಲ್ಲಿ ಯಾರೂ ಪಾಸ್ ಕಿತ್ಕೊಳ್ಳಲ್ಲ. ಹೇಳಿ" ಎಂದೆ. ಆಗ ಅಂಗೈಯನ್ನು ಎದೆಯ ನಡುವೆ ಇಟ್ಟುಕೊಂಡು ಅತ್ತರು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ.

ಈ ಹೆಂಗಸು ಸಂಸ್ಥೆಗೆ ಮೋಸ ಮಾಡಿದ್ದಾರೆ ಎನ್ನುತ್ತೀರಿ. ಮೋಸದಿಂದ ಅವರಿಗೆ ದಕ್ಕಿದ್ದೇನು? ಒಂದು ಟ್ಯೂಬು ಮುಲಾಮು, ಮತ್ತು ಮರುದಿನ ಅದೇ ರೋಲರ್ ಮುಂದೆ ನಿಲ್ಲುವ ಭಾಗ್ಯ. ಕಾಯಿಲೆ ಇಲ್ಲದೆ ಇದೆ ಎನ್ನುವವರನ್ನು ಜಗತ್ತು ಕಂಡಿದೆ. ಸಾಯುವ ಕಾಯಿಲೆ ಇಟ್ಟುಕೊಂಡು ಇಲ್ಲ ಎನ್ನುವವರನ್ನು ತಯಾರು ಮಾಡಿದ ಕೀರ್ತಿ ನಿಮ್ಮ ವಿಭಾಗದ್ದು. ಅದನ್ನೂ ವಾರ್ಷಿಕ ವರದಿಗೆ ಸೇರಿಸಿ.

ನೋಟೀಸಿನಲ್ಲಿ ಇನ್ನೊಂದು ಸಾಲಿದೆ. ಆರೋಪಿತರು ವಿಚಾರಣೆಗೆ ಖುದ್ದಾಗಿ ಹಾಜರಾಗತಕ್ಕದ್ದು, ಫೋನ್ ಅಥವಾ ವಿಡಿಯೋ ಮೂಲಕದ ಹೇಳಿಕೆಯನ್ನು ಪರಿಗಣಿಸಲಾಗುವುದಿಲ್ಲ. ಅತ್ತಿಗೆ ಇನ್ನೂ ಮೆಟ್ಟಿಲು ಹತ್ತುವಂತಿಲ್ಲ, ನಿಮ್ಮ ಕಚೇರಿ ಇರುವುದು ಮೇಲಿನ ಮಹಡಿಯಲ್ಲಿ. ಪರದೆಯ ಮೇಲೆ ಮಾತಾಡಿದರೆ ಸಾಲದೇ ಎಂದು ನಾನೇ ನಿಮ್ಮ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದೆ.

"ಅದು ಹೇಗಾಗುತ್ತೆ ಮೇಡಂ?" ಎಂದರು ಅವರು. "ಎದುರಿಗೆ ಕೂತ್ರೆ ತಾನೇ ಯಾರು ನಿಜ ಹೇಳ್ತಿದ್ದಾರೆ, ಯಾರು ಮುಚ್ಚಿಡ್ತಿದ್ದಾರೆ ಗೊತ್ತಾಗೋದು? ಪರದೆ ಮೇಲೆ ಏನು ಗೊತ್ತಾಗುತ್ತೆ?"

ಆ ಗುಮಾಸ್ತರಿಗೆ ದೊಡ್ಡ ನಮಸ್ಕಾರ. ನಿಮ್ಮ ಇಡೀ ವಿಭಾಗದಲ್ಲಿ ವೈದ್ಯಶಾಸ್ತ್ರದ ಮೊದಲ ಪಾಠ ಗೊತ್ತಿರುವುದು ಅವರೊಬ್ಬರಿಗೇ. ಅವರನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ ಎಂದು ಕೇಳುವುದಿಲ್ಲ. ನೋಟೀಸನ್ನು ವಾಪಸು ತೆಗೆದುಕೊಳ್ಳಿ. ಬಾಯಿ ಬಿಟ್ಟವರ ಗೇಟ್ ಪಾಸ್ ನಿಲ್ಲಿಸುವ ನಿಯಮವನ್ನು ಕಿತ್ತುಹಾಕಿ. ಪರದೆ ಬೇಕಿದ್ದರೆ ಇರಲಿ, ಅದರ ಪಕ್ಕದಲ್ಲಿ ಒಬ್ಬ ಸಿಸ್ಟರ್ ಕೂರಲಿ, ಬೈಯುವವರಾದರೆ ಇನ್ನೂ ಒಳ್ಳೆಯದು.

ವಿಚಾರಣೆ ಆಗಲೇಬೇಕೆಂದರೆ, ನೀವೇ ಬನ್ನಿ. ಮನೆ ನೆಲಮಹಡಿಯಲ್ಲೇ ಇದೆ. ಅತ್ತಿಗೆಯ ಮಂಚದ ಪಕ್ಕ ಕುರ್ಚಿ ಹಾಕುತ್ತೇವೆ. ಅವರ ಕಣ್ಣಲ್ಲಿ ಕಣ್ಣಿಟ್ಟು ಎಲ್ಲಿ ನೋವು ಎಂದು ನೀವೇ ಕೇಳಿ. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಈ ಸಲ ಅವರು ಎದೆ ಎಂದೇ ಹೇಳುತ್ತಾರೆ. ಕೇಳಿಸಿಕೊಂಡ ಮೇಲೆ, ಎದ್ದು ಹೋಗುವ ಮೊದಲು, ಆ ಮುಖ ನೋಡಿಕೊಂಡೇ ಸುಳ್ಳುಗಾರ್ತಿ ಎನ್ನಿ, ನೋಡೋಣ.

ಇಂತಿ,
ಈ ಪತ್ರ ನಿಮ್ಮ ಮೇಜು ತಲುಪುವವರೆಗಾದರೂ ಕೆಲಸಕ್ಕೆ ಅರ್ಹಳಾಗಿರುವ,
ಇಸ್ತ್ರಿ ವಿಭಾಗದ ಒಬ್ಬ ನಾದಿನಿ