ಇಬ್ಬರಿಗೇ ಗೊತ್ತಿದ್ದ ಹುತ್ತ

ಮರ್ಫಿ ಟೌನ್
14ನೇ ಆಗಸ್ಟ್ 1944

ಯಜಮಾನರಿಗೆ ಗಂಗಲಕ್ಷ್ಮಿಯ ನಮಸ್ಕಾರಗಳು.

ಬರೆದು ತಿಂಗಳಾಯಿತು, ಕೋಪ ಬೇಡ. ಏಳು ತಿಂಗಳಿಂದ ನಿಮ್ಮದೊಂದು ಕಾಗದವಿಲ್ಲ ಎಂದು ನನಗೂ ಮುನಿಸಿತ್ತು. ನೀವು ಯುದ್ಧಕ್ಕೆ ಹೋಗಿರುವ ಬರ್ಮಾ ಗಡಿಯ ಮಳೆಯಲ್ಲಿ ಟಪಾಲು ತಡವಾಗುತ್ತದೆ ಎಂದು ಪಕ್ಕದ ಮನೆಯ ಸಾಬಿರಾ ಸಮಾಧಾನ ಹೇಳುತ್ತಾಳೆ. ಆದರೂ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪೋಸ್ಟ್‌ಮನ್ನಿನ ಸೈಕಲ್ ಬೆಲ್ ಕೇಳಿದರೆ ಹೆಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತದೆ.

ನಿನ್ನೆ ಭಾನುವಾರ ಅತ್ತೆಯ ಜೊತೆ ಹೊರಮಾವಿನ ತೋಪಿಗೆ ಅಣಬೆ ಕೀಳಲು ಹೋಗಿದ್ದೆ. ಬಿಟ್ಟೂ ಬಿಡದ ಸೋನೆ. ಎಂದಿನಂತೆ "ನೀನು ಇಲ್ಲೇ ಇರು" ಎಂದು ನನ್ನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ಒಳಗೆ ಹೋದರು. ಅಣಬೆ ಏಳುವ ಹುತ್ತ ನನಗೆ ಗೊತ್ತಾಗಬಾರದಲ್ಲ! ಮದುವೆಯಾದ ಹೊಸದರಲ್ಲಿ ನಿಮ್ಮನ್ನು ಎಷ್ಟು ಪೀಡಿಸಿದ್ದೆ. "ಅಮ್ಮಂಗೆ, ನಂಗೆ, ಇಬ್ರಿಗೇ ಗೊತ್ತಿರ್ಬೇಕು ಕಣೆ. ನಮ್ಮಲ್ಲಿ ಒಬ್ರು ಹೋದ್ಮೇಲೇ ಮೂರನೇಯೋರ್ಗೆ ಹೇಳೋದು" ಎಂದು ನಕ್ಕಿದ್ದಿರಿ.

ನಿಂತು ಬೇಜಾರಾಗಿ, ಅಲ್ಲೇ ಕೂತು ಹುಳುಗಳನ್ನು ನೋಡಿದೆ. ಕೊಳೆತ ದಿಮ್ಮಿಯ ಮೇಲೆ ಕಿವಿಯಂಥ ಕಂದು ಅಣಬೆ, ತಿನ್ನಲು ಬಾರದ್ದು. ಪಕ್ಕದಲ್ಲೊಂದು ಸಾವಿರ ಕಾಲಿನ ಹುಳು. ಕಡ್ಡಿ ತಾಗಿಸಿದರೆ ಚಕ್ಕುಲಿಯಂತೆ ಸುತ್ತಿಕೊಂಡಿತು. ರೆಕ್ಕೆ ಉದುರಿದ ಎರಡು ಗೆದ್ದಲು ಒಂದರ ಹಿಂದೊಂದು ಓಡುತ್ತಿದ್ದವು. ಮನೆ ಮಾಡಲು ಜಾಗ ಹುಡುಕುತ್ತವೆ ಎಂದು ನೀವೇ ಹೇಳಿದ್ದಿರಿ. ಹಿಂದಿನದು ಎಲ್ಲೋ ದಾರಿ ತಪ್ಪಿತು. ಮುಂದಿನದು ನಿಂತು ಕಾದೇ ಕಾಯಿತು. ನೋಡಲಾಗಲಿಲ್ಲ, ಎದ್ದುಬಿಟ್ಟೆ.

ಮನೆಗೆ ಬಂದು ಅಣಬೆ ಸಾರು ಮಾಡಿದೆ. ಸಾಬಿರಾಗೂ ಒಂದು ಬಟ್ಟಲು ಕೊಟ್ಟೆ. ಅತ್ತೆ ಮಾತ್ರ ಮುಟ್ಟಲಿಲ್ಲ.

ಒದ್ದೆ ಕಾಲಲ್ಲಿ ಮಲಗಬೇಡಿ. ಹಲಸೂರಿನ ಸೋಮೇಶ್ವರ ನಿಮ್ಮನ್ನು ಕಾಯಲಿ. ಅತ್ತೆಯ ಆಶೀರ್ವಾದಗಳು. ಇದನ್ನು ನಾನೇ ಸೇರಿಸಿದ್ದೇನೆ. ಈ ಸಲ ಬರೆ ಎಂದು ಅವರು ಹೇಳಲಿಲ್ಲ.

ಇತಿ ನಿಮ್ಮ
ಗಂಗಲಕ್ಷ್ಮಿ

ಮತ್ತೊಂದು ಮಾತು. ಮೇಲೆ ಒಂದು ವಿಷಯ ಮುಚ್ಚಿಟ್ಟೆ. ನಾನು ಎದ್ದಾಗ ಅತ್ತೆ ತೋಪಿನಿಂದ ಬರಿಗೈಯಲ್ಲಿ ಬಂದು ನನ್ನ ಕೈ ಹಿಡಿದರು. "ಬಾರೇ, ಹುತ್ತ ತೋರಿಸ್ತೀನಿ" ಎಂದರು. "ನಂಗ್ಯಾಕತ್ತೆ? ಅವ್ರಿಗೆ ಗೊತ್ತಲ್ಲ!" ಎಂದೆ. ಎಳೆದುಕೊಂಡೇ ಹೋದರು. ನಾನು ಕಣ್ಣು ಮುಚ್ಚಿಕೊಂಡೆ, ಆದರೆ ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಅಣಬೆಯನ್ನು ಅತ್ತೆಯೇ ಕಿತ್ತು ನನ್ನ ಮಡಿಲಿಗೆ ತುಂಬಿದರು. ನನಗೆ ಜಾಗ ಗೊತ್ತಿಲ್ಲವೆಂದೇ ತಿಳಿಯಿರಿ. ನೀವು ಬಂದ ಮೇಲೆ ನಾನು ಮೊದಲಿನ ಹಾಗೆ ಏರಿಯ ಮೇಲೇ ನಿಲ್ಲುತ್ತೇನೆ. ನೀವೇ ಒಳಗೆ ಹೋಗಿ ತನ್ನಿ.